ಉಳ್ಳಾಗಡ್ಡಿ ಹಾಜರಿ

ಹೆಂಡತಿ ಸಂತೆಯಿಂದ ಉಳ್ಳಾಗಡ್ಡಿ ತಂದು ಬುಟ್ಟಿಗೆ ಸುರಿದಾಗಲೆಲ್ಲ ನನ್ನ ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಜೇಬಿಗೆ ಹೋಗುತ್ತದೆ. "ಏನ್ ಹುಡುಕಾಕತ್ತೀರಿ?" ಎಂದು ಆಕೆ ಕೇಳುತ್ತಾಳೆ. ಏನಿಲ್ಲ ಅನ್ನುತ್ತೇನೆ. ಜೇಬು ಖಾಲಿ ಇದ್ದರೆ ಬೈಯುವವರು ಈಗ ಯಾರೂ ಇಲ್ಲ ಅನ್ನೋದು ನನಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ. ಬೈಯುವಾಕೆ ಹೋದ ಬೇಸಗೆಯಲ್ಲಿ ತೀರಿಕೊಂಡಳು.

ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಮಿಲ್ಲಿನವರು "ಯಾರದು?" ಎಂದು ಕೇಳಿಯಾರು. ಸಾವ್ಕಾರರಿಂದ ಹಿಡಿದು ಲಾರಿ ಕ್ಲೀನರಿನ ತನಕ ಎಲ್ಲರಿಗೂ ಆಕೆ ದೊಡ್ಡಕ್ಕ. ಆಕೆಗಿಂತ ಹಿರಿಯನಾದ ವಾಚ್‌ಮನ್ ತಾತ ಕೂಡ ದೊಡ್ಡಕ್ಕ ಅಂತಲೇ ಕರೆಯುತ್ತಿದ್ದ. "ನಿನಗ ನಾ ಹೆಂಗ ಅಕ್ಕ ಆಕ್ಕೀನೋ ಮುದುಕಾ?" ಎಂದರೆ, "ಗಂಟಲಿನಾಗ ದೊಡ್ಡಾಕಿ ಅಲ್ಲೇನವ್ವ" ಅನ್ನುತ್ತಿದ್ದ. ಅದು ಸುಳ್ಳಲ್ಲ. ಹತ್ತಿಯಿಂದ ಕಾಳು ಬಿಡಿಸುವ ಜಿನ್ ಮಿಷನ್ನುಗಳ ಸದ್ದಿನಲ್ಲಿ ನಾವೆಲ್ಲ ಕೈಸನ್ನೆಯಲ್ಲಿ ಮಾತಾಡುತ್ತಿದ್ದರೆ, ದೊಡ್ಡಕ್ಕ ಆ ತುದಿಯಿಂದ ಈ ತುದಿಗೆ ಆರಾಮಾಗಿ ಸುಖದುಃಖ ವಿಚಾರಿಸುತ್ತಿದ್ದಳು.

ನಾನು ಆಂಧ್ರದ ಆದೋನಿಯ ಆ ಹತ್ತಿ ಮಿಲ್ಲಿನಲ್ಲಿ ತೂಕದ ಕಾಟಾ ನೋಡಿಕೊಳ್ಳುತ್ತಿದ್ದೆ. ಕೌತಾಳಂನಿಂದ ಬೆಳಿಗ್ಗೆ ಬಸ್ಸಿಗೆ ಬಂದು, ಗೇಟಿನ ಪಕ್ಕದ ಗೂಡಿನಂಥ ರೂಮಿನಲ್ಲಿ ಕುಳಿತು, ಹತ್ತಿ ತುಂಬಿದ ಗಾಡಿಗಳ ತೂಕ ತೆಗೆಯುವುದು ನನ್ನ ಕೆಲಸ. ಇಡೀ ಮಿಲ್ಲಿಗೆ ಒಂದೇ ಒಂದು ಕೂಲರ್ ಇದ್ದದ್ದು ಆ ರೂಮಿನಲ್ಲಿ. ನನ್ನ ಮೇಲಿನ ಪ್ರೀತಿಗಲ್ಲ, ಒಳಗಿದ್ದ ಕಂಪ್ಯೂಟರಿನ ಮೇಲಿನ ಪ್ರೀತಿಗೆ. ಕಂಪ್ಯೂಟರಿನ ಪುಣ್ಯದಿಂದ ನಾನೂ ತಣ್ಣಗಿದ್ದೆ. ದೊಡ್ಡಕ್ಕ ಮಧ್ಯಾಹ್ನ ಊಟವಾದ ಮೇಲೆ ಬಂದು ಅಲ್ಲೇ ನೆಲದ ಮೇಲೆ ಉರುಳಿ, ಗೊರಕೆ ಹೊಡೆದು, ಎದ್ದು ಹೋಗುವಾಗ "ನಿನ್ನ ರೂಮಿನಾಗ ನಿದ್ದಿ ಸರಿ ಬರಂಗಿಲ್ಲಪ್ಪ, ಗಾಳಿ ಭಾಳ" ಎಂದು ದೂರುತ್ತಿದ್ದಳು.

ನಮ್ಮ ಕಡೆ ಯುಗಾದಿಗೆ ಬೇವುಬೆಲ್ಲ ತಿಂದ ಮೇಲೆ ಬೆಲ್ಲ ಮುಗಿಯುತ್ತದೆ, ಬೇವಿನಂಥ ಬಿಸಿಲು ಉಳಿಯುತ್ತದೆ. ಮಿಲ್ಲಿಗೆ ತಗಡಿನ ಮಾಳಿಗೆ. ಒಳಗೆ ಮಿಷನ್ನಿನ ಕಾವು, ಮೇಲೆ ತಗಡಿನ ಕಾವು, ನಡುವೆ ಹಾರುವ ಹತ್ತಿಯ ಎಳೆ ಬೆವರಿಗೆ ಅಂಟಿ ಮುಖಕ್ಕೆ ಗಡ್ಡ ಬಂದಂತಾಗುತ್ತಿತ್ತು. ಹೆಣ್ಣಾಳುಗಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿ, ತಲೆ ಮುಖ ಎಲ್ಲ ಬಟ್ಟೆ ಸುತ್ತಿ, ಮಿಷನ್ನಿಗೆ ಹತ್ತಿ ಒಡ್ಡುತ್ತಿದ್ದರು, ಕಾಳು ಬಾಚುತ್ತಿದ್ದರು. ದೊಡ್ಡಕ್ಕ ಅವರ ಮೇಸ್ತ್ರಿ. ಆಕೆಗೆ ಇದ್ದದ್ದು ಒಂದೇ ಹಠ: ತನ್ನ ಕೈಕೆಳಗಿನ ಒಂದು ಆಳೂ ಬಿಸಿಲಿಗೆ ಬೀಳಬಾರದು. ಬಿಸಿಲು ಬಡಿದು ಬೀಳುವುದಕ್ಕೆ ನಮ್ಮಲ್ಲಿ ಕನ್ನಡದವರೂ ತೆಲುಗಿನಲ್ಲೇ 'ವಡದೆಬ್ಬ' ಅನ್ನುತ್ತೇವೆ. ಆ ಮಾತನ್ನು ದೊಡ್ಡಕ್ಕ ಎಂದೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಅದು" ಅನ್ನುತ್ತಿದ್ದಳು, ಹಾವಿನ ಹೆಸರು ಹೇಳಲು ಹೆದರುವವರ ಹಾಗೆ.

ಮೊದಲು ಆಕೆ ನೇರವಾಗಿಯೇ ಕೇಳಿದ್ದಳು. ಮಧ್ಯೆಮಧ್ಯೆ ಆಳುಗಳನ್ನು ಹೊರಗೆ ಬಿಡಬೇಕು, ನೆರಳಿಗೆ ಕೂರಿಸಿ ನೀರು ಕುಡಿಸಬೇಕು ಎಂದು. ಸಾವ್ಕಾರರು ಕೆಟ್ಟವರಲ್ಲ, ಆದರೆ ಸಾವ್ಕಾರರು. "ಮಿಷನ್ ನಿಂತ್ರ ಕರೆಂಟ್ ಬಿಲ್ಲು ನಿಲ್ತೈತೇನಮ್ಮ? ಊಟಕ್ಕ ಬಿಡ್ತೀವಲ್ಲ, ಆಗ ಕುಡೀರಿ" ಎಂದರು.

ಮರುದಿನ ದೊಡ್ಡಕ್ಕ ಇನ್ನೊಂದು ದಾರಿ ಹಿಡಿದಳು. ಬೇಸಗೆಯಲ್ಲಿ ಮೈಮೇಲೊಂದು ಉಳ್ಳಾಗಡ್ಡಿ ಇದ್ದರೆ ಬಿಸಿಲು ಬಡಿಯುವುದಿಲ್ಲ ಎಂಬುದು ನಮ್ಮ ಸೀಮೆಯ ನಂಬಿಕೆ. ಹೆಂಗಸರು ಸೆರಗಿನ ತುದಿಗೆ ಕಟ್ಟುತ್ತಾರೆ, ಗಂಡಸರು ಪಂಚೆಯ ಮಡಿಕೆಗೆ. ಸಾವ್ಕಾರರಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಅವರ ಅಜ್ಜಿ ಕಟ್ಟಿಸಿದ ಅಭ್ಯಾಸವಂತೆ. ಎಸಿ ಕಾರಿನಲ್ಲಿ ತಿರುಗುವಾಗಲೂ ದೇವರ ಫೋಟೋದ ಪಕ್ಕ ಒಂದು ಉಳ್ಳಾಗಡ್ಡಿ ಇರುತ್ತಿತ್ತು.

"ಸಾವ್ಕಾರ್ರ, ಮಂದಿ ಉಳ್ಳಾಗಡ್ಡಿ ಮರತು ಬರಾಕತ್ಯಾರ" ಎಂದಳು ದೊಡ್ಡಕ್ಕ, ನನ್ನ ರೂಮಿನ ಬಾಗಿಲಲ್ಲಿ ನಿಂತು, ಮುಖ ಸಣ್ಣದು ಮಾಡಿ. "ಯಾರಿಗಾದ್ರೂ ಅದು ಬಡದ್ರ ಮಿಲ್ಲಿಗೆ ಕೆಟ್ಟ ಹೆಸರು. ದಿನಾ ನಾನೇ ನಿಂತು ತಪಾಸಣಿ ಮಾಡ್ಲೇನ್ರಿ?"

"ಮಾಡಮ್ಮ, ಮಾಡು! ಭಾಳ ಒಳ್ಳೇದು, ಚಾಲಾ ಮಂಚಿದಿ" ಎಂದರು ಸಾವ್ಕಾರರು. ತಮ್ಮ ಮಿಲ್ಲಿನಲ್ಲಿ ಇಂಥ ಶ್ರದ್ಧೆಯವಳು ಇದ್ದಾಳಲ್ಲ ಎಂದು ಅವರ ಮುಖ ಅರಳಿತು.

ಹೀಗೆ ಶುರುವಾಯಿತು ಉಳ್ಳಾಗಡ್ಡಿ ಹಾಜರಿ. ಮಿಲ್ಲಿನ ಅಂಗಳದ ಬೇವಿನ ಮರದ ಕೆಳಗೆ ಸಾಲಾಗಿ ನೀರು ತುಂಬಿದ ಮಣ್ಣಿನ ಹರವಿಗಳು, ಅವುಗಳ ಪಕ್ಕ ದೊಡ್ಡಕ್ಕ. ಮಿಷನ್ ನಿಲ್ಲದ ಹಾಗೆ ಒಂದೊಂದೇ ಗುಂಪನ್ನು ಕೂಗಿ ಕರೆಯುತ್ತಿದ್ದಳು. "ಉಳ್ಳಾಗಡ್ಡಿ ತೋರಸ್ರೀ!" ಎಂದು ಆಕೆ ಕೂಗಿದರೆ ಪಕ್ಕದ ಎಣ್ಣೆ ಮಿಲ್ಲಿನವರೂ ಒಮ್ಮೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬಂದವರು ಮುಖದ ಬಟ್ಟೆ ಬಿಚ್ಚಬೇಕು. ಸೆರಗಿನ ಗಂಟು ಬಿಚ್ಚಬೇಕು. ಗಂಟು ಬಿಗಿಯಾಗಿಯೇ ಇರಬೇಕೆಂದು ಆಕೆಯ ಕಾಯಿದೆ, ಹಾಗಾಗಿ ಬಿಚ್ಚಲು ಹೊತ್ತು ಹಿಡಿಯುತ್ತಿತ್ತು. ಆಕೆ ಉಳ್ಳಾಗಡ್ಡಿ ಕೈಗೆ ತೆಗೆದುಕೊಂಡು ಒತ್ತಿ, ಮೂಸಿ, ಬೆಳಕಿಗೆ ಹಿಡಿದು, ಬಂದವಳ ಮುಖವನ್ನು ದಿಟ್ಟಿಸಿ, "ನಿಮ್ಮತ್ತಿ ಇವತ್ತು ಏನು ಸಾರು ಮಾಡ್ಯಾಳ?" ಎಂದು ಕೇಳುತ್ತಿದ್ದಳು. ಉತ್ತರ ಸರಿ ಬಂದರೆ ಒಂದು ಚಂಬು ನೀರು. ಉಳ್ಳಾಗಡ್ಡಿ ತರದಿದ್ದವರಿಗೆ ದಂಡ. ದಂಡವೆಂದರೆ ಎರಡು ಚಂಬು ನೀರು, ಆಕೆಯ ಕಣ್ಣೆದುರಿಗೇ.

"ಒಂದು ಉಳ್ಳಾಗಡ್ಡಿ ನೋಡಾಕ ಇಷ್ಟ್ಹೊತ್ತು ಬೇಕೇನಮ್ಮ?" ಎಂದು ಸಾವ್ಕಾರರು ಒಮ್ಮೆ ಗಡಿಯಾರ ನೋಡಿದರು.

"ಒಳಗ ಕೊಳತಿದ್ರ ಏನ್ ಮಾಡ್ತೀರಿ? ಕೊಳತದ್ದು ಕೆಲಸ ಮಾಡಂಗಿಲ್ರಿ" ಎಂದಳು. ಸಾವ್ಕಾರರಿಗೆ ಇದು ಸರಿ ಅನ್ನಿಸಿ, ಸಂಜೆಗೆ ಮಾರ್ಕೆಟ್ಟಿನಿಂದ ಒಂದು ಚೀಲ ಗಟ್ಟಿ ಉಳ್ಳಾಗಡ್ಡಿ ಕಳಿಸಿಕೊಟ್ಟರು. ಸುಳ್ಳು ಹೇಳುವುದರಲ್ಲಿ ದೊಡ್ಡಕ್ಕನದು ಎತ್ತಿದ ಕೈ. ಆ ಚೀಲದಲ್ಲಿ ಅರ್ಧ ಆಕೆಯ ಮನೆಯ ಒಗ್ಗರಣೆಗೆ ಹೋಯಿತೆಂದೂ ಜನ ಆಡಿಕೊಂಡರು. ನಾನು ನಂಬುತ್ತೇನೆ.

ನನ್ನನ್ನೂ ಬಿಡುತ್ತಿರಲಿಲ್ಲ. "ಕಾಟಾ ಸಾರ, ನಿಂದೆಲ್ಲಿ?" ಎಂದು ದಿನವೂ ಕೇಳುವುದು, ನಾನು ಖಾಲಿ ಜೇಬು ತೋರಿಸುವುದು. "ಕೂಲರ್ ಐತಲ್ಲ ದೊಡ್ಡಕ್ಕ" ಎಂದರೆ, "ಕರೆಂಟ್ ಹೋದ್ರ ಕೂಲರ್ ನಿನ್ನ ಮಾವನ ಮನಿಂದ ಗಾಳಿ ತರ್ತೈತೇನು?" ಎಂದು ದಂಡ ಹಾಕುತ್ತಿದ್ದಳು. ಎರಡು ಚಂಬು ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಬಂದು ಕೂರುತ್ತಿದ್ದೆ.

ನೀರು ಕುಡಿಸುವುದು ಮಾತ್ರ ಸುಲಭದ ಕೆಲಸವಾಗಿರಲಿಲ್ಲ. ಹೆಂಗಸರು ಚಂಬು ತುಟಿಗೆ ಮುಟ್ಟಿಸಿ ಮರೆಯಲ್ಲಿ ಚೆಲ್ಲುತ್ತಿದ್ದರು. ಯಾಕೆಂದರೆ ಕುಡಿದ ನೀರು ಸುಮ್ಮನಿರುವುದಿಲ್ಲ. ಮಿಲ್ಲಿಗೆ ಇದ್ದದ್ದು ಒಂದೇ ಪಾಯಖಾನೆ, ಅದರ ಮುಂದೆ ಲಾರಿ ಡ್ರೈವರುಗಳು ಬೀಡಿ ಸೇದುತ್ತ ಕುಳಿತಿರುತ್ತಿದ್ದರು. ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ನೀರು ಬಿಟ್ಟು, ಸಂಜೆ ಮನೆಗೆ ಹೋಗಿಯೇ ಕುಡಿಯುವುದು ಅವರ ರೂಢಿ. ಹುಸೇನಮ್ಮ ಎಂಬಾಕೆ ಇದ್ದಳು, ಕಾಳು ಬಾಚುವಾಕೆ. ಎಷ್ಟು ಸಂಕೋಚದವಳೆಂದರೆ ಅವಳ ದನಿ ಹೇಗಿದೆ ಎಂದೇ ನನಗೆ ಬಹಳ ದಿನ ಗೊತ್ತಿರಲಿಲ್ಲ. ಅವಳು ನೀರು ಚೆಲ್ಲುವುದನ್ನು ದೊಡ್ಡಕ್ಕ ಹಿಡಿದಳು, ಬೈಯಲಿಲ್ಲ. ನೆಟ್ಟಗೆ ಹೋಗಿ ಪಾಯಖಾನೆಗೆ ಹೊಸ ಬೀಗ ಜಡಿದು, ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡ್ರೈವರುಗಳಿಗೆ ರಸ್ತೆಯಾಚೆಯ ಬಯಲು ತೋರಿಸಿದಳು.

ಆ ಕೀಲಿಯಿಂದ ಒಂದು ದಿನ ಭಾರಿ ಫಜೀತಿಯಾಯಿತು. ಗುಂಟೂರು ಕಡೆಯಿಂದ ಹತ್ತಿ ಕೊಳ್ಳಲು ಬಂದಿದ್ದ ದೊಡ್ಡ ಮನುಷ್ಯರೊಬ್ಬರು, ಇಸ್ತ್ರಿಯ ಬಿಳಿ ಬಟ್ಟೆಯವರು, ಬೀಗದ ಮುಂದೆ ನಿಂತು ಒದ್ದಾಡುತ್ತಿದ್ದರು. ಸಾವ್ಕಾರರೇ ಓಡಿಬಂದು ಕೀಲಿ ಕೇಳಿದರು. ದೊಡ್ಡಕ್ಕ ಆ ದೊಡ್ಡ ಮನುಷ್ಯರನ್ನು ಮೇಲಿನಿಂದ ಕೆಳಗೆ ನೋಡಿ, "ಉಳ್ಳಾಗಡ್ಡಿ ಐತೇನ್ರಿ ಇವರತ್ರ?" ಎಂದಳು. ಅವರಿಗೆ ಕನ್ನಡ ಬಾರದು. ಸಾವ್ಕಾರರು ತಮ್ಮ ಜೇಬಿನದ್ದನ್ನೇ ತೆಗೆದು ಅವರ ಕೈಗಿಟ್ಟರು. ಆ ಮನುಷ್ಯರು ಒಂದು ಕೈಯಲ್ಲಿ ಕೀಲಿ, ಒಂದು ಕೈಯಲ್ಲಿ ಉಳ್ಳಾಗಡ್ಡಿ ಹಿಡಿದು ಒಳಗೆ ಹೋದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ.

ಹಾಜರಿಗೆ ಜಪ್ಪಯ್ಯ ಅಂದರೂ ಬಾರದವನು ಒಬ್ಬನೇ, ಹಮಾಲಿ ಈರಣ್ಣ. ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಉರುಳಿಸಿ ಲಾರಿಗೆ ಏರಿಸುವವನು, ಆಳು ಬಾಗಿಲು ತುಂಬ. "ಉಳ್ಳಾಗಡ್ಡಿ ಹೊತ್ಕೊಂಡು ತಿರುಗಾಕ ನಾನೇನು ವಗ್ಗರಣಿ ಡಬ್ಬಿಯೇನು ದೊಡ್ಡಕ್ಕ?" ಎಂದು ನಗಿಸುತ್ತಿದ್ದ. ಆಕೆ ಅವನ ಹೆಂಡತಿಗೆ ಹೇಳಿಕಳಿಸಿ, ದಿನವೂ ಅವನ ಪಂಚೆಯ ಮಡಿಕೆಗೆ ಒಂದು ಉಳ್ಳಾಗಡ್ಡಿ ಕಟ್ಟಿಸುವ ಏರ್ಪಾಡು ಮಾಡಿದಳು. ಕಟ್ಟಿಸಿಕೊಂಡ, ಆದರೆ ಹಾಜರಿಗೆ ಬರಲಿಲ್ಲ. ಮಡಿಕೆಯಲ್ಲಿ ಇದೆಯಲ್ಲ, ಇನ್ನು ನೆರಳೇಕೆ, ನೀರೇಕೆ ಎಂದು ಅವನ ವಾದ.

ಯುಗಾದಿ ಕಳೆದ ಮೇಲಿನ ಒಂದು ಮಧ್ಯಾಹ್ನ. ಗಾಳಿಯೇ ಇಲ್ಲ, ಇದ್ದರೂ ಒಲೆಯ ಬಾಯಿಂದ ಬಂದಂತೆ. ಲೋಡಿಂಗ್ ನಡೆದಿತ್ತು. ಇದ್ದಕ್ಕಿದ್ದಂತೆ ಈರಣ್ಣ ಲಾರಿ ಕ್ಲೀನರಿಗೆ ಅವಾಚ್ಯವಾಗಿ ಬೈಯತೊಡಗಿದ. ನಾನು ಕಿಟಕಿಯಿಂದ ನೋಡಿ ಜಗಳವೆಂದುಕೊಂಡೆ. ದೊಡ್ಡಕ್ಕ ಹಾಗೆ ಅಂದುಕೊಳ್ಳಲಿಲ್ಲ. "ನಗಸಾಂವ ಬೈಯಾಕತ್ಯಾನ" ಎಂದು ಎದ್ದು ಹೋದಳು. ಅವನ ಎದುರು ನಿಂತು, "ಉಳ್ಳಾಗಡ್ಡಿ ತೋರಸೋ" ಎಂದಳು. ಈರಣ್ಣ ಮಡಿಕೆಗೆ ಕೈ ಹಾಕಿದ. ಬೆರಳುಗಳು ಗಂಟಿನ ಮೇಲೆ ಆಡುತ್ತಿವೆ, ಬಿಚ್ಚುತ್ತಿಲ್ಲ.

"ನಿನ್ನ ಹೇಣ್ತಿ ಏನು ಸಾರು ಮಾಡ್ಯಾಳೋ?"

"ಯಾರ ಹೇಣ್ತಿ?" ಎಂದ ಈರಣ್ಣ.

ಆಮೇಲೆ ನಡೆದದ್ದೆಲ್ಲ ಕಣ್ಣುಮುಚ್ಚಿ ತೆಗೆಯುವುದರಲ್ಲಿ. "ನೀರು!" ಎಂದು ಆಕೆ ಕೂಗಿದ ಕೂಗಿಗೆ ಹರವಿಗಳೇ ಎದ್ದು ಬಂದಂತೆ ಬಂದವು. ಹೆಂಗಸರೇ ಅವನನ್ನು ಎಳೆದು ತಂದು ನನ್ನ ರೂಮಿನಲ್ಲಿ ಕೂಲರಿನ ಮುಂದೆ ಕೆಡವಿದರು. ಅಂಗಿ ಹರಿದು, ತಲೆ ಎದೆ ಕಂಕುಳು ಎಲ್ಲ ಕಡೆ ನೀರು ಸುರಿದು, ಒದ್ದೆ ಗೋಣಿತಾಟು ಹೊದಿಸಿ, ರಟ್ಟು ಹಿಡಿದು ಗಾಳಿ ಹಾಕಿದರು. "ಕಂಪ್ಯೂಟರು, ದೊಡ್ಡಕ್ಕ, ಕಂಪ್ಯೂಟರು!" ಎಂದು ನಾನು ಬಡಕೊಂಡೆ. ಒಂದು ಕೊಡ ಅದರ ಮೇಲೂ ಹೋಯಿತು. ಕಂಪ್ಯೂಟರು ಅಲ್ಲೇ ತೀರಿಕೊಂಡಿತು. ಆಂಬುಲೆನ್ಸ್ ಬರುವ ಹೊತ್ತಿಗೆ ಈರಣ್ಣ ಕಣ್ಣು ಬಿಟ್ಟು, "ಅಲಸಂದಿ ಸಾರು" ಎಂದ.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಸಾವ್ಕಾರರು ನನ್ನ ಒದ್ದೆ ಕುರ್ಚಿಯಲ್ಲಿ ಕುಳಿತರು. ಕಂಪ್ಯೂಟರಿನ ಬಗ್ಗೆ ಬೈಗುಳ ಬರುತ್ತದೆಂದು ನಾನು ಕಾದಿದ್ದೆ. ಅವರು ನೆಲದ ಮೇಲೆ ಬಿದ್ದಿದ್ದ ಉಳ್ಳಾಗಡ್ಡಿಯನ್ನು ನೋಡುತ್ತಿದ್ದರು. ಈರಣ್ಣನ ಮಡಿಕೆಯಿಂದ ಉರುಳಿದ್ದು, ಗಟ್ಟಿಯಾಗಿಯೇ ಇತ್ತು.

"ಇವನತ್ರ ಇತ್ತಲ್ಲಮ್ಮ" ಎಂದರು ಮೆಲ್ಲಗೆ. "ಇದ್ರೂ ಬಿದ್ನಲ್ಲ."

ಹಾಜರಿಯ ಬಂಡವಾಳವೇ ಆ ನಂಬಿಕೆ. ಅದು ಹೋದರೆ ನೆರಳು, ನೀರು ಎರಡೂ ಹೋಗುತ್ತವೆ. ದೊಡ್ಡಕ್ಕ ಈಗೊಂದು ಒಳ್ಳೆಯ ಸುಳ್ಳು ಹೇಳುತ್ತಾಳೆ, ಅದು ಕೊಳೆತಿತ್ತು ಅನ್ನುತ್ತಾಳೆ, ಗಂಟು ಸಡಿಲಿತ್ತು ಅನ್ನುತ್ತಾಳೆ ಎಂದು ನಾನು ಆಕೆಯ ಬಾಯನ್ನೇ ನೋಡಿದೆ.

ಆಕೆ ನೆಲದ ಮೇಲೆ ಕುಳಿತು ಕೈಯಲ್ಲಿದ್ದ ಒದ್ದೆ ಗೋಣಿತಾಟನ್ನು ಹಿಂಡಿದಳು. "ನನ್ನ ತಂಗಿ ಸೆರಗಿನ್ಯಾಗೂ ಇತ್ರಿ" ಎಂದಳು. ಆ ದೊಡ್ಡ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. "ಆಸ್ಪರಿ ಕಡಿ ರಸ್ತಾ ಕೆಲಸ. ಡಾಂಬರು ಹಾಕ್ತಿದ್ರು, ಆಕಿ ಕಂಕರ ಕಲ್ಲು ಹೊರ್ತಿದ್ಲು. ಆ ಬಯಲಾಗ ಒಂದು ಗಿಡ ಇಲ್ಲ, ಒಂದು ಮರೆ ಇಲ್ಲ. ಹೆಣ್ಮಗಳು ಎಲ್ಲಿ ಕುಂದ್ರಬೇಕು? ಅದಕ್ಕ ಮುಂಜಾನಿಂದ ನೀರು ಕುಡಿದಿಲ್ಲ. ನೀರು ಕುಡಿಯೇ ಅಂದ್ರ, ಉಳ್ಳಾಗಡ್ಡಿ ಐತಲ್ಲಕ್ಕ, ಏನೂ ಆಗಂಗಿಲ್ಲ ಅಂದ್ಲು. ಅಲ್ಲೇ ಬಿದ್ದಾಕಿ ಮತ್ತ ಏಳ್ಲಿಲ್ಲ. ಕಟ್ಟಿದಾಕಿ ನಾನೇ ರೀ. ನನ್ನ ಕೈಯಾರೆ ಕಟ್ಟಿದ್ದೆ."



"ಹಂಗಾರ ದಿನಾ ಇದೆಲ್ಲ ಯಾಕ ತೋರಸ್ಕಂತಿದ್ದಿ?" ಎಂದರು ಸಾವ್ಕಾರರು.

"ತೋರಸಾಕ ನೆಳ್ಳಿಗೆ ಬರ್ತಾರಲ್ರೀ" ಎಂದಳು ದೊಡ್ಡಕ್ಕ.

ಸಾವ್ಕಾರರು ತಮ್ಮ ಜೇಬಿನ ಉಳ್ಳಾಗಡ್ಡಿ ತೆಗೆದು ಬಹಳ ಹೊತ್ತು ನೋಡಿ, ಮತ್ತೆ ಜೇಬಿಗೇ ಇಟ್ಟುಕೊಂಡರು. ಅಜ್ಜಿ ಕಟ್ಟಿಸಿದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಏಳುತ್ತ, "ನಾಳಿಂದ ಹಾಜರಿಗೆ ಒಬ್ರೂ ತಪ್ಪಂಗಿಲ್ಲ. ಬರದಾಂವಗ ಕೆಲಸ ಇಲ್ಲ ಅಂತ ನಾ ಹೇಳ್ತೀನಿ" ಎಂದರು. ಮುಂದಿನ ವಾರ ಕಾವು ತಗ್ಗಲೆಂದು ತಗಡಿನ ಮೇಲೆ ಸುಣ್ಣ ಬಿತ್ತು. ಮಳೆಗಾಲದ ಹೊತ್ತಿಗೆ ಹೆಂಗಸರಿಗೆಂದೇ ಬೇರೆ ಪಾಯಖಾನೆ ಎದ್ದಿತು. ನನಗೆ ಹೊಸ ಕಂಪ್ಯೂಟರು ಬಂತು, ಹಳೆಯದಕ್ಕಿಂತ ನಿಧಾನದ್ದು.

ಹಾಜರಿ ಮಾತ್ರ ಉಳ್ಳಾಗಡ್ಡಿಯ ಹೆಸರಲ್ಲೇ ನಡೆಯಿತು. ವಿಷಯ ಎಲ್ಲರಿಗೂ ತಿಳಿದ ಮೇಲೂ ಯಾರೂ ಉಳ್ಳಾಗಡ್ಡಿ ತರುವುದನ್ನು ಬಿಡಲಿಲ್ಲ. ಈರಣ್ಣ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಿದ್ದ. ಮೊಣಕಾಲು ಕೈಕೊಟ್ಟು ದೊಡ್ಡಕ್ಕ ಕೆಲಸ ಬಿಟ್ಟು ಊರು ಸೇರಿದ ಮೇಲೆ ಹುಸೇನಮ್ಮನಿಗೆ ಮೇಸ್ತ್ರಿಕೆ ಬಂತು. ಅವಳು ಕೂಗುತ್ತಿರಲಿಲ್ಲ, ಗಂಟೆ ಬಾರಿಸುತ್ತಿದ್ದಳು.

ಹೋದ ಬೇಸಗೆಯಲ್ಲಿ ಸುದ್ದಿ ಬಂತು. ವಯಸ್ಸಾಗಿತ್ತು, ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ. ನಾವೆಲ್ಲ ಆಟೋ ಮಾಡಿಕೊಂಡು ಅವಳ ಹಳ್ಳಿಗೆ ಮಣ್ಣಿಗೆ ಹೋದೆವು. ದೂರದ ಮಗಳು ಬರುವ ತನಕ ಕಾದು ಎತ್ತುವ ಹೊತ್ತಿಗೆ ನಡುಮಧ್ಯಾಹ್ನ. ಹೊಲದ ಬದುವಿನಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ದೊಡ್ಡಕ್ಕನನ್ನು ಇಳಿಸಿದರು. ಹೂಳುವ ಕುಣಿ ತೋಡುವುದು ಇನ್ನೂ ಮುಗಿದಿರಲಿಲ್ಲ. ಬಿಸಿಲಿಗೆ ಒಣಗಿದ ಎರೆಮಣ್ಣು ಕಲ್ಲಾಗಿತ್ತು. ಗುದ್ದಲಿ ಬೇರೆಯವರಿಂದ ಕಸಿದುಕೊಂಡು ಈರಣ್ಣ ತಾನೇ ಇಳಿದಿದ್ದ, ಅಳುತ್ತಲೇ ಅಗೆಯುತ್ತಿದ್ದ. ಉಳಿದವರೆಲ್ಲ ಬಿಸಿಲಲ್ಲಿ ಕುಣಿಯ ಸುತ್ತ ನಿಂತಿದ್ದೆವು. ಹೆಣ ತಂದಿದ್ದ ಟ್ರಾಕ್ಟರಿನಲ್ಲಿ ನೀರಿನ ಕ್ಯಾನುಗಳಿದ್ದವು, ಮುಟ್ಟುವಂತಿಲ್ಲ. ಮಣ್ಣು ಮುಗಿದು ಮೈತೊಳೆಯುವ ತನಕ ಬಾಯಿಗೆ ನೀರು ಹಾಕಬಾರದು. ಹಾಗೆಂದು ದೊಡ್ಡಕ್ಕನ ಮೈದುನ, ಮನೆಗೆ ಹಿರಿಯ, ಎರಡು ಸಲ ಹೇಳಿದ್ದ.

ಕುಣಿಯ ಒಳಗಿನಿಂದ ಬೈಗುಳ ಕೇಳಿತು. ಈರಣ್ಣ ಮಣ್ಣಿಗೆ ಬೈಯುತ್ತಿದ್ದ, ಗುದ್ದಲಿಗೆ ಬೈಯುತ್ತಿದ್ದ. ಹಿಡಿಕೆ ಅವನ ಕೈಯಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ನಗಿಸುವವನು ಬೈಯುತ್ತಿದ್ದಾನೆ ಎಂದು ನನಗೆ ಹೊಳೆಯಿತು. ಬಾಯಿ ತೆರೆದೆ. ಅಷ್ಟು ಜನರ ನಡುವೆ, ಹಿರಿಯರ ಎದುರು, ಮಾತು ಹೊರಡಲಿಲ್ಲ.

"ಉಳ್ಳಾಗಡ್ಡಿ ತೋರಸ್ರೀ!"

ನಾವೆಲ್ಲ ಬೆಚ್ಚಿ ಹೆಣದ ಕಡೆ ನೋಡಿದೆವು. ಕೂಗಿದವಳು ಹುಸೇನಮ್ಮ. ಅವಳ ದನಿ ಹೊಲ ದಾಟಿ ಹೋಯಿತು. ಅವಳೇ ಬೆಚ್ಚಿದ್ದಳು, ಆದರೆ ಮತ್ತೊಮ್ಮೆ ಕೂಗಿದಳು. ಹೆಂಗಸರ ಕೈಗಳು ತಮ್ಮಷ್ಟಕ್ಕೆ ತಾವೇ ಸೆರಗಿನ ಗಂಟಿಗೆ ಹೋದವು. ಮಿಲ್ಲು ಬಿಟ್ಟು ವರ್ಷಗಳಾದವರ ಗಂಟಿನಲ್ಲೂ ಇತ್ತು. ಈರಣ್ಣ ಗುದ್ದಲಿ ಬಿಟ್ಟು ಮಡಿಕೆ ತಡಕುತ್ತ ಮೇಲೆ ಬಂದ, ಇಬ್ಬರು ರಟ್ಟೆ ಹಿಡಿದು ಎಳೆದುಕೊಂಡರು. ತೋರಿಸುವುದಾದರೂ ಯಾರಿಗೆ? ಯಾರೂ ಹೇಳದೆಯೇ ಸಾಲು ಬೇವಿನ ಮರದ ಕೆಳಗೆ ಹೋಯಿತು, ದೊಡ್ಡಕ್ಕನ ಮುಂದೆ.

"ಏನ್ ಹುಡುಗಾಟಿಕಿ ಇದು? ಅಲ್ಲಿ ಹೆಣ ಕಾಯಾಕತ್ತೈತಿ!" ಎಂದು ಮೈದುನ ಕೂಗಾಡಿದ.

"ಕಾಯ್ಲಿ ಬಿಡಪ್ಪ" ಎಂದಳು ಹುಸೇನಮ್ಮ, ಈರಣ್ಣನ ತಲೆಯ ಮೇಲೆ ಇಡೀ ಕ್ಯಾನು ಸುರಿಯುತ್ತ. "ನಮ್ಮನ್ನ ಬಿಸಿಲಾಗ ನಿಲ್ಸಿ ಆಕಿ ಎಂದೂ ಹೋದಾಕಿ ಅಲ್ಲ. ಇವತ್ತೂ ಹೋಗಂಗಿಲ್ಲ."

ಮೈದುನ ಮರದ ಕೆಳಗೆ ಮಲಗಿದ್ದ ಅತ್ತಿಗೆಯ ಮುಖ ನೋಡಿ, ನೆರಳಿಗೆ ಬಂದ. ಅವನ ಹತ್ತಿರ ಉಳ್ಳಾಗಡ್ಡಿ ಇರಲಿಲ್ಲ. ಯಾರೋ ದಂಡದ ಮಾತು ಹೇಳಿದರು. ಎರಡು ಚಂಬು ಕುಡಿದು, ಹೆಗಲ ಮೇಲಿನ ಸೆಲ್ಲೆಯನ್ನು ಮುಖಕ್ಕೆ ಒತ್ತಿಕೊಂಡು ಕುಳಿತ. ಹೆಂಗಸರು ಒಬ್ಬೊಬ್ಬರಾಗಿ ದೊಡ್ಡಕ್ಕನ ಮುಂದೆ ಬಗ್ಗಿ, ಗಂಟು ಬಿಚ್ಚಿ ತೋರಿಸಿ, ನೀರು ಕುಡಿದು, ಪಕ್ಕಕ್ಕೆ ಸರಿದರು. ಈರಣ್ಣ ತೋರಿಸುವಾಗ "ಅಲಸಂದಿ ಸಾರು ದೊಡ್ಡಕ್ಕ" ಎಂದು ಬಿಕ್ಕಿದ. ಕುಣಿಯನ್ನು ಬಿಸಿಲು ಇಳಿದ ಮೇಲೆ ತೋಡಿದರಾಯಿತು ಎಂದಾಯಿತು.

ಸಾಲಿನಲ್ಲಿ ಕೊನೆಯವನು ನಾನು. ಆಕೆಯ ಮುಂದೆ ನಿಂತು ಜೇಬಿಗೆ ಕೈ ಹಾಕಿದೆ. ಎಂದಿನಂತೆ ಖಾಲಿ. ಕೈ ಹೊರಗೆ ತೆಗೆದು ತೋರಿಸಿ, ಯಾರೂ ಕೇಳುವ ಮೊದಲೇ ಎರಡು ಚಂಬು ನೀರು ಕುಡಿದೆ.